ಒಕ್ಕಲುತನಕ್ಕೆ ಚಿಕ್ಕ ಕಾರೋ, ಪಿಕಪ್ ಗಾಡಿಯೋ?

ಎತ್ತುಗಳನ್ನು ಕೊಳ್ಳುವಾಗ ಒಕ್ಕಲಿಗನು ಹಲ್ಲು, ಗೊರಸು, ಸುಳಿಗಳನ್ನು ನೋಡಿ, ತನ್ನ ಹೊಲಕ್ಕೆ ಎಷ್ಟು ಜೊತೆ ಬೇಕೆಂಬುದನ್ನು ಲೆಕ್ಕಹಾಕಿ, ಆಮೇಲೆಯೇ ವ್ಯಾಪಾರ ಕುದುರಿಸುವನು. ಮೋಟಾರು ಗಾಡಿಯ ವಿಷಯದಲ್ಲಾದರೋ ನೆರೆಯವನು ಕೊಂಡದ್ದೇ ಅನೇಕರಿಗೆ ಆಧಾರವಾಗಿರುವುದು. ಒಬ್ಬನು ಪೇಟೆಯ ಚಿಕ್ಕ ಕಾರನ್ನು ತಂದು ಅದರೊಳಗೆ ಗೊಬ್ಬರದ ಚೀಲಗಳನ್ನು ತುರುಕುವನು. ಮತ್ತೊಬ್ಬನು ಪಿಕಪ್ ತಂದು ವರ್ಷದ ಹತ್ತು ತಿಂಗಳು ಅದನ್ನು ಅಂಗಳದಲ್ಲಿ ನಿಲ್ಲಿಸುವನು. ಇಬ್ಬರಿಗೂ ನಷ್ಟವೇ. ಎರಡರಲ್ಲಿ ಯಾವುದು ಯಾರಿಗೆ ತಕ್ಕುದೆಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಚೆನ್ನಾಗಿ ತಿಳಿದಿರುವುದು ಆವಶ್ಯಕ. ಏಕೆಂದರೆ ಉಳಿದ ರೈತರು ಅವರನ್ನೇ ನೋಡಿ ನಡೆಯುವರು.

ವಾಡಿಯ ಸೀಮೆಗೆ ಸಾಗಾಟವು ಹೊಸದಲ್ಲ. ೧೮೭೪ರಲ್ಲಿ ಸಿಕಂದರಾಬಾದಿನ ರೈಲುಮಾರ್ಗವು ಬಂದು ಸೇರಿದಂದಿನಿಂದ ಅದು ಸರಕಿನ ಕೂಡುದಾರಿಯಾಗಿದೆ. ಇಂದು ಸಿಮೆಂಟು ಮತ್ತು ಶಹಾಬಾದಿನ ಹಾಸುಗಲ್ಲನ್ನು ಹೊತ್ತ ಭಾರಿ ಲಾರಿಗಳು ಓಡಾಡುವ ರಸ್ತೆಗಳಲ್ಲಿಯೇ ಚಿತ್ತಾಪುರ, ಸೇಡಂ, ಚಿಂಚೋಳಿಗಳ ತೊಗರಿಯೂ ಕಲಬುರಗಿಯ ಮಾರುಕಟ್ಟೆಗೆ ಹೋಗಬೇಕಾಗಿದೆ.

೧. ಹೊರೆಯ ಲೆಕ್ಕ

ಐವರು ಕುಳಿತುಕೊಳ್ಳುವ ಚಿಕ್ಕ ಹ್ಯಾಚ್‌ಬ್ಯಾಕ್ ಕಾರು ಕುಳಿತವರ ತೂಕವೂ ಸೇರಿ ಸುಮಾರು ೪೦೦ ಕಿಲೋ ಹೊರಬಲ್ಲುದು. ತಲೆಗೆ ೬೫ ಕಿಲೋ ಹಿಡಿದರೆ ಐವರಿಗೇ ೩೨೫ ಕಿಲೋ ಆಯಿತು; ಉಳಿಯುವುದು ಒಂದೂವರೆ ಚೀಲದ ಸ್ಥಳವು ಮಾತ್ರ. ೨೦೦೫ರಲ್ಲಿ ಬಂದ ಟಾಟಾ ಏಸ್ ಮಾದರಿಯ ಸಣ್ಣ ಸರಕಿನ ಗಾಡಿಯು ಸುಮಾರು ೭೫೦ ಕಿಲೋ, ಎಂದರೆ ೫೦ ಕಿಲೋದ ೧೫ ಚೀಲಗಳನ್ನು ಹೊರುವುದು. ಬೊಲೆರೊ ಪಿಕಪ್‌ನಂತಹ ದೊಡ್ಡವುಗಳಲ್ಲಿ ೧,೩೦೦ ಕಿಲೋ ಮತ್ತು ೧,೭೦೦ ಕಿಲೋ ಹೊರುವ ಬಗೆಗಳುಂಟು. ಇವು ೨೬ ಮತ್ತು ೩೪ ಚೀಲಗಳಾಗುವುವು.

ಆದರೆ ಗಾಡಿಯು ಎಷ್ಟು ಹೊರುವುದೆಂಬುದಕ್ಕಿಂತ, ಹೊರಲು ವರ್ಷದಲ್ಲಿ ಎಷ್ಟು ದಿನ ಸರಕಿದೆ ಎಂಬುದೇ ಮುಖ್ಯ ಪ್ರಶ್ನೆಯು. ೨೦ ಎಕರೆ ಒಣಬೇಸಾಯದಲ್ಲಿ ತೊಗರಿ ಬೆಳೆಯುವವನಿಗೆ ಎಕರೆಗೆ ೪ ಕ್ವಿಂಟಾಲಿನಂತೆ ೮೦ ಕ್ವಿಂಟಾಲು ಬಂದಿತೆಂದು ಇಟ್ಟುಕೊಳ್ಳೋಣ. ೧,೭೦೦ ಕಿಲೋದ ಪಿಕಪ್‌ಗೆ ಇದು ೫ ಸರದಿಯ ಕೆಲಸ. ೪ ಟನ್ನು ಹೊರುವ ಬಾಡಿಗೆಯ ಗಾಡಿಗೆ ಎರಡೇ ಸರದಿ. ಬೀಜಗೊಬ್ಬರಗಳನ್ನು ತರುವ ನಾಲ್ಕಾರು ಸರದಿಗಳನ್ನು ಕೂಡಿಸಿದರೂ ವರ್ಷಕ್ಕೆ ಹನ್ನೆರಡು ದಿನ ಮೀರದು.

ಇದಕ್ಕೆ ಪ್ರತಿಯಾಗಿ, ಬಾವಿಯ ನೀರಿನಲ್ಲಿ ೩ ಎಕರೆ ತರಕಾರಿ ಬೆಳೆದು ದಿನ ಬಿಟ್ಟು ದಿನ ೩ ಕ್ವಿಂಟಾಲು ಪೇಟೆಗೆ ಕಳುಹಿಸುವವನಿಗೆ ೮ ತಿಂಗಳಲ್ಲಿ ೧೨೦ ಸರದಿಗಳಾಗುವುವು. ಹೊಲ ಚಿಕ್ಕದಾದರೂ ಪಿಕಪ್ ಬೇಕಾದವನು ಇವನು. ಅದೂ ೭೫೦ ಕಿಲೋದ ಚಿಕ್ಕದೇ ಸಾಕು. ಮಿಕ್ಕ ಸ್ಥಳದಲ್ಲಿ ನೆರೆಯವರ ಸರಕನ್ನು ಹೇರಿದರೆ ಬಾಡಿಗೆಯೂ ದೊರೆಯುವುದು. ಹಾಲು ಸಂಗ್ರಹಿಸುವವರಿಗೂ ಕುರಿ ಕೋಳಿ ಸಾಕುವವರಿಗೂ ಇದೇ ಲೆಕ್ಕವು ಅನ್ವಯಿಸುವುದು.

೨. ನೆಲ ಮತ್ತು ಕಾಲ

ಎರೆಭೂಮಿಯ ಜಿಗುಟು ಮಣ್ಣು ಮಳೆಗಾಲದಲ್ಲಿ ಉಬ್ಬಿ ಚಕ್ರಗಳಿಗೆ ಮೆತ್ತಿಕೊಳ್ಳುವುದು. ಆಗ ಹೊಲದ ದಾರಿಯಲ್ಲಿ ಕಾರು ಹೂಳುವುದೆಂದು ಪಿಕಪ್ ಕೊಳ್ಳುವವರುಂಟು. ಪಿಕಪ್‌ನ ಅಟ್ಟಣೆ ಎತ್ತರವೂ ಅದರ ಪಟ್ಟಿ ಸ್ಪ್ರಿಂಗುಗಳು ಗಟ್ಟಿಯೂ ಆಗಿರುವುದು ನಿಜ. ಆದರೆ ಅದನ್ನು ಮುಂದಕ್ಕೆ ನೂಕುವುದು ಹಿಂದಿನ ಚಕ್ರಗಳು. ಬರಿದಾದ ಪಿಕಪ್‌ನ ಹಿಂಭಾಗ ಹಗುರವಾಗಿರುವುದರಿಂದ ಕೆಸರಿನಲ್ಲಿ ಅವು ಸುಮ್ಮನೆ ತಿರುಗುವುವು. ಚಿಕ್ಕ ಕಾರುಗಳನ್ನು ಸಾಮಾನ್ಯವಾಗಿ ಮುಂದಿನ ಚಕ್ರಗಳು ಎಳೆಯುವುವು; ಹಿಂದೆ ಭಾರ ಹೇರಿದಷ್ಟೂ ಮುಂದಿನ ಹಿಡಿತ ಸಡಿಲುವುದು. ಹಸಿ ಎರೆಗೆ ಇವೆರಡೂ ತಕ್ಕವಲ್ಲ. ಅದು ಟ್ರ್ಯಾಕ್ಟರು ಮತ್ತು ಎತ್ತಿನ ಕೆಲಸ. ಜೂನ್ ಜುಲೈಗಳಲ್ಲಿ ಬಿತ್ತಿದ ತೊಗರಿಯು ಕೊಯ್ಲಿಗೆ ಬರುವುದು ಡಿಸೆಂಬರ್ ಜನವರಿಗಳಲ್ಲಿ. ಆ ಕಾಲಕ್ಕೆ ನೆಲವು ಒಣಗಿ, ಬಾಡಿಗೆಯ ಗಾಡಿಯೂ ಕಣದವರೆಗೆ ಬರಬಲ್ಲುದು.

೩. ಹಣದ ಲೆಕ್ಕ

ವಾಹನಕ್ಕಾಗಿ ೮ ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ ೧೦ರ ವಾರ್ಷಿಕ ಬಡ್ಡಿಯಲ್ಲಿ ೫ ವರ್ಷಕ್ಕೆ ಎತ್ತಿದರೆ ತಿಂಗಳ ಕಂತು ಸುಮಾರು ೧೭,೦೦೦ ರೂಪಾಯಿ, ವರ್ಷಕ್ಕೆ ೨,೦೪,೦೦೦. ೨೦೨೫-೨೬ನೆಯ ಹಂಗಾಮಿಗೆ ಗೊತ್ತುಮಾಡಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ ೮,೦೦೦ ರೂಪಾಯಿ. ಆ ದರದಲ್ಲಿ ಕಂತಿಗೇ ೨೫.೫ ಕ್ವಿಂಟಾಲು ಬೇಕು. ಮೇಲೆ ಹೇಳಿದ ೮೦ ಕ್ವಿಂಟಾಲಿನಲ್ಲಿ ಇದು ಮೂರರಲ್ಲೊಂದು ಪಾಲಿಗೆ ಸಮೀಪವು. ಕಾಯಿಕೊರಕ ಹುಳುವೋ ನೆಟೆರೋಗವೋ ಬಂದು ಇಳುವರಿ ಅರ್ಧಕ್ಕಿಳಿದರೆ ಕಂತು ಅರ್ಧಕ್ಕಿಳಿಯುವುದಿಲ್ಲ. ಇಂಧನ, ಚಾಲಕನ ಸಂಬಳ, ಚಕ್ರಗಳ ಸವೆತ ಇವೆಲ್ಲ ಇದಕ್ಕೆ ಹೊರತಾದ ಖರ್ಚುಗಳು.

೪. ಕಾನೂನಿನ ಕಟ್ಟಳೆ

ಸ್ವಂತಕ್ಕೆಂದು ಕೊಂಡ ಕಾರಿನ ನೋಂದಣಿಯು ಒಮ್ಮೆಗೆ ೧೫ ವರ್ಷ ನಡೆಯುವುದು. ಪಿಕಪ್ ಸಾರಿಗೆ ವಾಹನವೆನಿಸುವುದು. ೮ ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಅದರ ಯೋಗ್ಯತಾಪತ್ರವನ್ನು ಹೊಸದು ಮಾಡಿಸತಕ್ಕದ್ದು. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಹೊರೆಸಹಿತ ಒಟ್ಟು ತೂಕ ೩,೦೦೦ ಕಿಲೋ ಮೀರದ ಸರಕಿನ ಗಾಡಿಗೆ ಪರ್ಮಿಟ್ಟು ಬೇಕಿಲ್ಲ, ಮೀರಿದರೆ ಬೇಕು. ಆದುದರಿಂದ ಕೊಳ್ಳುವ ಮೊದಲೇ ಈ ಅಂಕಿಯನ್ನು ಕೇಳಿ ತಿಳಿಯುವುದು ಒಳ್ಳೆಯದು. ೭,೫೦೦ ಕಿಲೋವರೆಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಿಂದಲೇ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರ್ ೬ರಂದು ತೀರ್ಪಿತ್ತಿದೆ. ಮಿತಿ ಮೀರಿ ಭಾರ ಹೇರಿದರೆ ೨೦೧೯ರ ತಿದ್ದುಪಡಿಯು ೨೦,೦೦೦ ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿಯನ್ನೂ ವಿಧಿಸಿದೆ.

೫. ಕೂಲಿಯಾಳುಗಳನ್ನು ಒಯ್ಯುವ ವಿಚಾರ

ಪಿಕಪ್ ಕೊಂಡವನಿಗೆ ಬರುವ ಮೊದಲ ಪ್ರಲೋಭನೆಯು ಕಳೆ ತೆಗೆಯುವ, ತೊಗರಿ ಕೊಯ್ಯುವ ಹೆಣ್ಣಾಳುಗಳನ್ನು ಅದರ ಹಿಂದೆ ನಿಲ್ಲಿಸಿಕೊಂಡು ಹೋಗುವುದು. “ನಾಲ್ಕು ಮೈಲಿಯ ದಾರಿ, ಏನಾದೀತು?” ಎಂಬ ಮಾತು ಎಲ್ಲ ಊರಿನಲ್ಲಿಯೂ ಕೇಳಿಬರುವುದು. ೨೦೨೫ನೆಯ ಜನವರಿ ೨೨ರಂದು ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು ತರಕಾರಿಗಳೊಡನೆ ಹೊರಟ ಲಾರಿಯು ಯಲ್ಲಾಪುರ ತಾಲ್ಲೂಕಿನಲ್ಲಿ ಉರುಳಿ, ಸರಕಿನೊಡನೆ ಹೋಗುತ್ತಿದ್ದವರಲ್ಲಿ ೧೦ ಮಂದಿ ಮಡಿದರು. ಅಟ್ಟಣೆಯ ಮೇಲೆ ನಿಂತವರಿಗೆ ಹಿಡಿಯಲು ಪಟ್ಟಿಯಿಲ್ಲ, ತಡೆಯಲು ಮಾಡಿಲ್ಲ. ಗಾಡಿ ವಾಲಿದೊಡನೆ ಜನರೆಲ್ಲ ಒಂದೇ ಕಡೆಗೆ ಬೀಳುವುದರಿಂದ ಅದು ಬೇಗನೆ ಮಗುಚುವುದು.

ವಿಮೆ ಇದೆಯೆಂಬ ಧೈರ್ಯವೂ ಸಲ್ಲದು. ೧೯೯೪ರ ತಿದ್ದುಪಡಿಯಿಂದ ಗಾಡಿಯಲ್ಲಿರುವ ಸರಕಿನ ಯಜಮಾನನಿಗೂ ಅವನ ಪ್ರತಿನಿಧಿಗೂ ರಕ್ಷಣೆಯುಂಟಾದರೂ, ಬಿಟ್ಟಿಯಾಗಿ ಕುಳಿತ ಇತರ ಪ್ರಯಾಣಿಕರಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂದು ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಆಗ ಪರಿಹಾರದ ಹೊರೆಯು ಗಾಡಿಯ ಮಾಲೀಕನ ಮೇಲೆ, ಎಂದರೆ ಅವನ ಹೊಲದ ಮೇಲೆ ಬೀಳುವುದು. ಹಣವನ್ನು ತೆತ್ತರೂ ಹೋದ ಪ್ರಾಣ ಬಾರದು. ಆಳುಗಳನ್ನು ಕರೆದೊಯ್ಯಬೇಕಾದಲ್ಲಿ ಆಸನಗಳುಳ್ಳ ಪ್ರಯಾಣಿಕರ ಗಾಡಿಯನ್ನೇ ಗೊತ್ತುಮಾಡತಕ್ಕದ್ದು.

ಹಾಗೆಯೇ ಮುಚ್ಚಿದ ಕಾರಿನೊಳಗೆ ಹೆಂಡಿರು ಮಕ್ಕಳೊಡನೆ ಕೀಟನಾಶಕದ ಡಬ್ಬಿಗಳನ್ನು ತರುವುದೂ ಅಪಾಯಕರವು. ಸೋರಿದ ವಿಷದ ಹಬೆಯು ಹೊರಗೆ ಹೋಗದೆ ಒಳಗಿನವರ ಉಸಿರಿಗೆ ಸೇರುವುದು.

೬. ನಿರ್ಣಯ

ಗಾಡಿ ಕೊಳ್ಳಬೇಕೆಂದಿರುವವನು ಮೊದಲು ಒಂದು ವರ್ಷದ ಪಂಚಾಂಗವನ್ನು ಮುಂದಿಟ್ಟುಕೊಂಡು, ಸರಕು ಸಾಗಿಸಿದ ದಿನಗಳನ್ನೂ ತೂಕವನ್ನೂ ತೆತ್ತ ಬಾಡಿಗೆಯನ್ನೂ ಅದರಲ್ಲಿ ಗುರುತು ಮಾಡತಕ್ಕದ್ದು. ವಾರಕ್ಕೆ ಎರಡು ಸರದಿಯಾದರೂ ಹೊರೆಯಿದ್ದರೆ ಪಿಕಪ್ ಕೊಳ್ಳಬಹುದು; ಅದರ ಅಳತೆಯು ಪದೇ ಪದೇ ಬರುವ ಹೊರೆಗೆ ತಕ್ಕಂತಿರಲಿ, ವರ್ಷಕ್ಕೊಮ್ಮೆ ಬರುವ ದೊಡ್ಡ ಹೊರೆಗಲ್ಲ. ಹೊರೆಯು ಸುಗ್ಗಿಗೆ ಮಾತ್ರ ಇದ್ದು, ಮನೆಯಲ್ಲಿ ವೃದ್ಧರೂ ಬಾಣಂತಿಯರೂ ಇದ್ದು, ಕಲಬುರಗಿಯ ಆಸ್ಪತ್ರೆಗೆ ಆಗಾಗ್ಗೆ ಹೋಗಬೇಕಾದವನಿಗೆ ಚಿಕ್ಕ ಕಾರೇ ಯೋಗ್ಯವು. ಅವನ ತೊಗರಿಯು ಬಾಡಿಗೆಯ ಗಾಡಿಯಲ್ಲಿ ಹೋಗಲಿ. ಎರಡು ಕಾರಣಗಳೂ ಬಲವಾಗಿಲ್ಲದವನು ಆ ಹಣವನ್ನು ಕೃಷಿಹೊಂಡಕ್ಕೋ ಬದುವಿಗೋ ಹಾಕುವುದೇ ಲೇಸು. ನಿಂತ ಗಾಡಿಯ ಬೆಲೆ ವರ್ಷವರ್ಷಕ್ಕೂ ಇಳಿಯುವುದು. ಹೊಲದಲ್ಲಿ ನಿಂತ ನೀರು ವರ್ಷವರ್ಷಕ್ಕೂ ಬೆಳೆಯನ್ನು ಕೊಡುವುದು.