ರಾಂಗೆಲಾಪ್ ದ್ವೀಪವಾಸಿಗಳ ದೇಹದಲ್ಲಿ ಸೀಸಿಯಂ

1954ನೆಯ ಇಸವಿ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬೊಂದನ್ನು ಸ್ಫೋಟಿಸಿತು. ಅದರ ಶಕ್ತಿ ಎಣಿಕೆಯನ್ನು ಬಹುವಾಗಿ ಮೀರಿ 15 ಮೆಗಾಟನ್ನನ್ನು ಮುಟ್ಟಿತು. ಕೆಲವೇ ಗಂಟೆಗಳಲ್ಲಿ ಪೂರ್ವದಲ್ಲಿದ್ದ ರಾಂಗೆಲಾಪ್ ದ್ವೀಪದ ಮೇಲೆ ಬಿಳಿಯ ಪುಡಿ ಉದುರತೊಡಗಿತು. ಅದು ಬೆಂದ ಹವಳದ ಸುಣ್ಣ. ಎರಡು ದಿನಗಳ ತರುವಾಯ ಜನರನ್ನು ಬೇರೆಡೆಗೆ ಸಾಗಿಸಿದಾಗ ವಾಂತಿ, ತುರಿಕೆ ಕಾಣಿಸಿಕೊಂಡಿದ್ದುವು. ಮುಂದೆ ಚರ್ಮ ಹುಣ್ಣಾಯಿತು, ಕೂದಲು ಉದುರಿತು, ರಕ್ತದ ಬಿಳಿಯ ಕಣಗಳು ಇಳಿದುವು.

1957ರಲ್ಲಿ ಅವರು ಮನೆಗೆ ಮರಳಿದರು. ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ವೈದ್ಯರು ವರ್ಷವರ್ಷವೂ ಅವರನ್ನು ಪರೀಕ್ಷಿಸಿದರು. ನೆಲದ ವಿಕಿರಣ ತಗ್ಗಿದ್ದರೂ ಆಹಾರದ ಮಾತು ಬೇರೆ. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ಅತ್ಯಲ್ಪ. ಸೀಸಿಯಂ ಅದರ ರಾಸಾಯನಿಕ ಬಂಧು. ಆದುದರಿಂದ ತೆಂಗು ಸೀಸಿಯಂ-137ನ್ನು ಹೀರಿಕೊಳ್ಳುತ್ತದೆ, ತಿಂದವರ ದೇಹಕ್ಕೂ ಅದು ಸೇರುತ್ತದೆ.

ಇದನ್ನು ಅಳೆಯುವ ಬಗೆ ಸೊಗಸಾದುದು. ದಪ್ಪ ಉಕ್ಕಿನ ಕೋಣೆಯೊಂದನ್ನು ಹಡಗಿನಲ್ಲಿ ಸಾಗಿಸಿ, ಅದರೊಳಗೆ ಮನುಷ್ಯನನ್ನು ಕುಳ್ಳಿರಿಸಿ, ಸಮೀಪದಲ್ಲಿ ಸೋಡಿಯಂ ಅಯೊಡೈಡ್ ಹರಳನ್ನು ಇಟ್ಟರು. ಗಾಮಾ ಕಿರಣವು ಹರಳಿಗೆ ತಗುಲಿದಾಗ ಮಿನುಗು ಹುಟ್ಟುತ್ತದೆ. ಮಿನುಗಿನ ಪ್ರಮಾಣವು ಕಿರಣದ ಶಕ್ತಿಯನ್ನು ತಿಳಿಸುತ್ತದೆ. 662 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂದರೆ ಸೀಸಿಯಂ. 1460 ಎಂದರೆ ನಮ್ಮೆಲ್ಲರಲ್ಲಿಯೂ ಇರುವ ಪೊಟ್ಯಾಸಿಯಂ-40. ಗಾಮಾ ಸೂಸದ ಸ್ಟ್ರಾನ್ಷಿಯಂ-90ಕ್ಕೆ ಮೂತ್ರಪರೀಕ್ಷೆಯೇ ಗತಿ.

ಈಗ ಸಣ್ಣದೊಂದು ಲೆಕ್ಕ. ಸೀಸಿಯಂನ ಅರ್ಧಾಯು 30 ವರ್ಷ. ಆದರೆ ವಯಸ್ಕನ ದೇಹವು ಸುಮಾರು 110 ದಿನಗಳಲ್ಲಿ ಅದರ ಅರ್ಧವನ್ನು ಹೊರಹಾಕುತ್ತದೆ. ದಿನಕ್ಕೆ 1 ಬೆಕೆರೆಲ್ ತಿನ್ನುವವನ ದೇಹದಲ್ಲಿ ಕಟ್ಟಕಡೆಗೆ 110 ÷ 0.693, ಎಂದರೆ ಸುಮಾರು 159 ಬೆಕೆರೆಲ್ ನೆಲೆನಿಲ್ಲುತ್ತದೆ. ತಿನ್ನುವುದು ನಿಂತರೆ ಅದು ಇಳಿಯುತ್ತದೆ. ಆದರೆ ತನ್ನ ತೋಟದ ಎಳನೀರನ್ನು ಬಿಡೆಂದು ದ್ವೀಪವಾಸಿಗೆ ಹೇಳುವುದು ಸುಲಭವೆ?

ಮರಳಿದ ಬಳಿಕ ದೇಹಗಳಲ್ಲಿ ಸೀಸಿಯಂ ಏರಿದುದನ್ನು ಯಂತ್ರವು ತಪ್ಪದೆ ತೋರಿಸಿತು. ಆದರೆ ದೊಡ್ಡ ಹಾನಿ ಅದರ ಕಣ್ಣಿಗೆ ಬೀಳುವಂತಿರಲಿಲ್ಲ. ಅಯೊಡಿನ್-131ರ ಅರ್ಧಾಯು 8 ದಿನ. ಮನೆಗೆ ಮರಳುವ ವೇಳೆಗೆ ಸುಮಾರು 150 ಅರ್ಧಾಯುಗಳು ಕಳೆದಿದ್ದುವು, ಒಂದು ಪರಮಾಣುವೂ ಉಳಿದಿರಲಾರದು. ಅದೂ ಅದಕ್ಕಿಂತ ಅಲ್ಪಾಯುಗಳಾದ ಅದರ ಸೋದರ ಐಸೊಟೋಪುಗಳೂ ಮೊದಲ ದಿನಗಳಲ್ಲಿಯೇ ಮಕ್ಕಳ ಥೈರಾಯಿಡ್ ಗ್ರಂಥಿಯನ್ನು ಕೆಡಿಸಿ ಹೋಗಿದ್ದುವು. 1963ರಲ್ಲಿ ಬಾಲಕಿಯೊಬ್ಬಳ ಕೊರಳಿನಲ್ಲಿ ಮೊದಲ ಗಂಟು ಸಿಕ್ಕಿತು; ಅದನ್ನು ಕಂಡುಹಿಡಿದದ್ದು ನಮ್ಮ ಭೌತವಿಜ್ಞಾನಿಗಳ ಎಣಿಕೆಯಂತ್ರವಲ್ಲ, ವೈದ್ಯರ ತಪಾಸಣೆ. ಸ್ಫೋಟದ ವೇಳೆ ಹತ್ತು ವರ್ಷ ತುಂಬಿರದ ರಾಂಗೆಲಾಪ್ ಮಕ್ಕಳಲ್ಲಿ ಬಹುಪಾಲಿನವರಿಗೆ ಕ್ರಮೇಣ ಇಂಥ ಗಂಟುಗಳಾದುವು. ಇಬ್ಬರು ಹುಡುಗರ ಬೆಳವಣಿಗೆಯೇ ಕುಂಠಿತವಾಯಿತು. 1965ರಿಂದ ಥೈರಾಯಿಡ್ ಹಾರ್ಮೋನಿನ ಗುಳಿಗೆಗಳನ್ನು ಕೊಡತೊಡಗಿದರು.

ತಮ್ಮನ್ನು ಗುಣಪಡಿಸುವುದಕ್ಕಿಂತ ಅಭ್ಯಸಿಸುವುದೇ ಹೆಚ್ಚೆಂದು ದ್ವೀಪವಾಸಿಗಳು ದೂರಿದರು. 1985ರಲ್ಲಿ ಅವರು ತಾವಾಗಿಯೇ ರಾಂಗೆಲಾಪನ್ನು ತೊರೆದು ಹಡಗನ್ನೇರಿದರು.