ತಾನಾಗಿ ಕುಣಿಯುವ ಕೈಕಾಲು: ವಂಶದ ಕಾಯಿಲೆಯೇ?

ಪ್ರಶ್ನೆ: ನಮ್ಮಣ್ಣನಿಗೆ 42 ವರ್ಷ. ಕೆಲವು ವರ್ಷಗಳಿಂದ ಸಣ್ಣಪುಟ್ಟದ್ದಕ್ಕೂ ರೇಗುತ್ತಾನೆ, ಅಂಗಡಿ ಲೆಕ್ಕ ತಪ್ಪುತ್ತಾನೆ. ಈಗ ಕೂತಲ್ಲೇ ಬೆರಳು, ಭುಜ ತಾವಾಗಿಯೇ ಕುಣಿಯುತ್ತವೆ. ತೀರಿಹೋದ ಅಪ್ಪನಿಗೂ ಹೀಗೇ ಆಗಿತ್ತು; ಕುಡಿತದಿಂದ ಅಂತ ಊರವರು ಅನ್ನುತ್ತಿದ್ದರು. ಅಣ್ಣನ 14 ವರ್ಷದ ಮಗಳಿಗೂ ಪರೀಕ್ಷೆ ಮಾಡಿಸಬೇಕೆ?

ಉತ್ತರ: ಇಷ್ಟು ವಿವರ ಕೇಳಿದರೆ ನರರೋಗ ತಜ್ಞರಿಗೆ ಮೊದಲು ಅನುಮಾನ ಬರುವುದು ಹಂಟಿಂಗ್ಟನ್ ಕಾಯಿಲೆಯ ಮೇಲೆ. ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್ಟನ್ 1872ರಲ್ಲಿ ಇದನ್ನು ವಿವರಿಸಿದರು. ಆಗ ಅವರಿಗೆ 22 ವರ್ಷ. ಅವರ ಅಜ್ಜ, ತಂದೆ ಇಬ್ಬರೂ ಲಾಂಗ್ ಐಲೆಂಡ್‌ನಲ್ಲಿ ವೈದ್ಯರಾಗಿದ್ದು, ಅವವೇ ಮನೆತನಗಳನ್ನು ತಲೆಮಾರುಗಟ್ಟಲೆ ನೋಡಿದ್ದರು. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆ; ನೀವು ನಿಮ್ಮ ಅಪ್ಪನ ವಿಷಯ ಮುಚ್ಚಿಡದೆ ಬರೆದದ್ದು ಅದಕ್ಕೇ ಮುಖ್ಯ. ಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲವೆಂಬ ಭಯಕ್ಕೆ ಮನೆಯವರು ಇದನ್ನೇ ಮರೆಮಾಚಿದರೆ ರೋಗ ಗುರುತಿಸುವುದು ವರ್ಷಗಟ್ಟಲೆ ತಡವಾಗುತ್ತದೆ.

ತೂರಾಡುವ ನಡಿಗೆ, ತೊದಲು ಮಾತು ನೋಡಿದವರು ಕುಡಿದಿದ್ದಾರೆ ಎಂದುಕೊಳ್ಳುವುದು ಎಲ್ಲೆಡೆ ಇದ್ದದ್ದೇ. 1967ರಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡ ಅಮೆರಿಕದ ಜಾನಪದ ಗಾಯಕ ವುಡಿ ಗತ್ರಿಯವರ ವಿಷಯದಲ್ಲೂ ಮೊದಮೊದಲು ಹಾಗೇ ಆಗಿತ್ತು. ಅವರ ತಾಯಿಗೂ ಈ ಕಾಯಿಲೆಯಿತ್ತು.

ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನಲ್ಲಿ ಶುರು. ಕೈಕಾಲು ಕುಣಿಯುವುದಕ್ಕೆ ಮೊದಲೇ ಸಿಡುಕು, ಖಿನ್ನತೆ, ಲೆಕ್ಕಾಚಾರದಲ್ಲಿ ಎಡವಟ್ಟು ಕಾಣಿಸಿಕೊಳ್ಳಬಹುದು. ಮನೆಯವರು ಅದನ್ನು ಸ್ವಭಾವದ ದೋಷವೆಂದು ಬೈಯುತ್ತಿರುತ್ತಾರೆ. ಪಾಪ, ಅದು ಮಿದುಳಿನ ಸವೆತ.

ತಜ್ಞರು ನಾಲಿಗೆ ಹೊರಚಾಚಿ ಹಾಗೇ ಹಿಡಿಯಲು ಹೇಳುತ್ತಾರೆ. ಅದು ಸರಕ್ಕನೆ ಒಳಗೆ ಹೋಗುತ್ತದೆ. ತಮ್ಮ ಎರಡು ಬೆರಳು ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳಿದರೆ, ಹಾಲು ಕರೆಯುವಾಗಿನಂತೆ ಹಿಡಿತ ಬಿಗಿದು ಸಡಿಲವಾಗುತ್ತಿರುತ್ತದೆ. ಎಂಆರ್‌ಐಯಲ್ಲಿ ಮಿದುಳಿನ ಒಳಭಾಗದ ಕಾಡೇಟ್ ಕುಗ್ಗಿರುವುದು ಕಾಣಬಹುದು. ಖಚಿತವಾಗುವುದು ಮಾತ್ರ ರಕ್ತದ ಜೀನ್ ಪರೀಕ್ಷೆಯಿಂದ.

4ನೇ ಕ್ರೋಮೋಸೋಮಿನ ಒಂದು ಜೀನ್‌ನಲ್ಲಿ ‘ಸಿಎಜಿ’ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 26ರವರೆಗೆ ಸಹಜ, 40 ಅಥವಾ ಹೆಚ್ಚಿದ್ದರೆ ಸಾಮಾನ್ಯ ಆಯುಷ್ಯದೊಳಗೆ ಕಾಯಿಲೆ ಬಂದೇ ಬರುತ್ತದೆ. 36ರಿಂದ 39 ಇದ್ದವರಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗಿಲ್ಲ. ಈ ಜೀನ್ 1993ರಲ್ಲಿ ಸಿಕ್ಕಿತು. ವೆನೆಜುವೆಲಾದ ಮರಕೈಬೋ ಸರೋವರದ ದಂಡೆಯ ಕುಟುಂಬಗಳು ಕೊಟ್ಟ ರಕ್ತದ ಮಾದರಿಗಳು ಆ ಹುಡುಕಾಟಕ್ಕೆ ಬಹಳ ನೆರವಾದವು.

ವಿಲ್ಸನ್ ಕಾಯಿಲೆ ಅಲ್ಲವೆಂದೂ ಖಾತ್ರಿಪಡಿಸಿಕೊಳ್ಳಬೇಕು. ಅದರಲ್ಲಿ ದೇಹದಲ್ಲಿ ತಾಮ್ರ ಶೇಖರವಾಗಿ ಕೈಕಾಲಿನ ಹಿಡಿತ ತಪ್ಪುತ್ತದೆ. ಅದಕ್ಕೆ ಔಷಧಿಯಿದೆ, ಕೈಬಿಟ್ಟರೆ ಅನ್ಯಾಯ.

ತಂದೆ ಅಥವಾ ತಾಯಿಗೆ ಈ ಕಾಯಿಲೆಯಿದ್ದರೆ ಮಗನಿರಲಿ, ಮಗಳಿರಲಿ, ಪ್ರತಿ ಮಗುವಿಗೂ ಬರುವ ಸಂಭವ ಶೇ 50. ಪತ್ರ ಬರೆದವರಿಗೂ ಈ ಮಾತು ಅನ್ವಯಿಸುತ್ತದೆ. ಆದರೆ ಲಕ್ಷಣವಿಲ್ಲದ 14ರ ಹುಡುಗಿಗೆ ಈಗ ಪರೀಕ್ಷೆ ಬೇಡ. 18 ತುಂಬಿದ ಮೇಲೆ, ಆಪ್ತಸಮಾಲೋಚನೆ ಪಡೆದು, ತಿಳಿಯಬೇಕೋ ಬೇಡವೋ ಎಂದು ಅವಳೇ ನಿರ್ಧರಿಸಲಿ.

ಕಾಯಿಲೆಯನ್ನು ತಡೆಯುವ ಔಷಧಿ ಬಳಕೆಯಲ್ಲಿಲ್ಲ. ಕುಣಿತ ತಗ್ಗಿಸಲು ಟೆಟ್ರಾಬೆನಜಿನ್ ಇದೆ, ಆದರೆ ಅದು ಖಿನ್ನತೆ ಹೆಚ್ಚಿಸಬಹುದು. ಮಾತ್ರೆ ಶುರುವಾದ ಮೇಲೆ ಅಣ್ಣ ಮಂಕಾದರೆ, ಬದುಕು ಸಾಕು ಎನ್ನತೊಡಗಿದರೆ, ಮುಂದಿನ ಭೇಟಿಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು.