ಬಣ್ಣ ಬರುವವರೆಗೆ ಕಾಯಮ್ಮ

ನೋಡಮ್ಮಾ, ನಾಲ್ಕಡಿ ಟ್ಯಾಂಕ್ ತಂದಿಟ್ಟಿದ್ದೀಯ, ರೇನ್‌ಬೋ ಮೀನು ಸಾಕಿ ಮರಿ ಮಾಡಿಸಬೇಕು ಅಂತಿದ್ದೀಯ. ಬಲು ಸಂತೋಷ. ಅಂಗಡಿಗೆ ಹೋಗುವ ಮುಂಚೆ ಒಂದು ಮಾತು ಕೇಳಿಸಿಕೋ: ಮರಿ ಬೇಕೆಂದರೆ ಒಂದು ಟ್ಯಾಂಕಿಗೆ ಒಂದೇ ಜಾತಿಯ ರೇನ್‌ಬೋ. ಬೋಸ್‌ಮನಿ ಎರಡು, ಕೆಂಪು ರೇನ್‌ಬೋ ಎರಡು ಎಂದು ಬೆರೆಸಿ ಹಾಕಿದರೆ ನೋಟಕ್ಕೇನೋ ಚೆಂದ. ಆದರೆ ಇವು ಜಾತಿ ಮೀರಿ ಕೂಡುತ್ತವೆ, ಹೆಣ್ಣುಗಳನ್ನು ಗುರುತಿಸುವುದೂ ಸುಲಭವಲ್ಲ. ಹುಟ್ಟಿದ ಬೆರಕೆ ಮರಿಗಳು ಯಾವ ಹೆಸರಿಗೂ ಸಲ್ಲುವುದಿಲ್ಲ.

ನನ್ನ ಮಾತು ಕೇಳಿದರೆ ಬೋಸ್‌ಮನಿಯನ್ನೇ ಆರಿಸಿಕೋ. ಅದರ ತವರು ಇಂಡೋನೇಷ್ಯಾ ಕಡೆಯ ನ್ಯೂಗಿನಿಯಲ್ಲಿದೆ, ಅಯಮಾರು ಕೆರೆಗಳ ಸೀಮೆ. ಜೆರಾಲ್ಡ್ ಅಲೆನ್ ಮತ್ತು ನಾರ್ಬರ್ಟ್ ಕ್ರಾಸ್ 1980ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಆಮೇಲೆ ಅಕ್ವೇರಿಯಂ ವ್ಯಾಪಾರಕ್ಕೆಂದು ಬಲೆ ಹಾಕಿದ್ದೇ ಹಾಕಿದ್ದು. ಇವತ್ತು ಅದು ತನ್ನ ಕೆರೆಯಲ್ಲೇ ಅಪಾಯಕ್ಕೆ ಸಿಕ್ಕಿರುವ ಮೀನು. ಮನೆಯಲ್ಲಿ ಸಾಕುವವರು ತಳಿ ಶುದ್ಧವಾಗಿಟ್ಟುಕೊಳ್ಳಲೇಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಅಂಗಡಿಯಲ್ಲಿ ಎಳೆಯ ಮೀನು ಬೂದಿ ಬಣ್ಣಕ್ಕಿರುತ್ತದೆ. ಮುಖ ತಿರುಗಿಸಬೇಡ, ಎಳೆಯವನ್ನೇ ಎಂಟು ತಗೋ. ಗಂಡಿಗೆ ಮುಂಭಾಗ ನೀಲಿ, ಹಿಂಭಾಗ ಕಿತ್ತಳೆ ಎಂದು ಪೂರ್ತಿ ಬಣ್ಣ ಏರಲು ಹತ್ತಿರ ಹತ್ತಿರ ವರ್ಷ ಬೇಕು. ಬೆಳಗಿನ ಬಿಸಿಲು ಗಾಜಿಗೆ ಬಿದ್ದಾಗ ಟ್ಯಾಂಕಿನ ಮುಂದೆ ಕೂತು ನೋಡು. ಗಂಡು ರೆಕ್ಕೆಗಳನ್ನೆಲ್ಲ ಬಿಚ್ಚಿ ಹೆಣ್ಣಿನ ಮುಂದೆ ಸುಳಿಯುವಾಗ ಅದರ ನೆತ್ತಿಯ ಮೇಲೆ ಹೊಳೆಯುವ ಗೀರೊಂದು ಮೂಡುತ್ತದೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ.

ನೀರಿಗೆ ಹೆದರಬೇಡ. ಅಯಮಾರು ಸುಣ್ಣಕಲ್ಲಿನ ಸೀಮೆ, ಹಾಗಾಗಿ ನಿಮ್ಮ ಬೋರ್‌ವೆಲ್ಲಿನ ಗಡುಸು ನೀರು ಇದಕ್ಕೆ ಒಗ್ಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕು. ವಾರಕ್ಕೊಮ್ಮೆ ಕಾಲುಭಾಗ ಬದಲಾಯಿಸು. ಮುಚ್ಚಳ ಮರೆಯಬೇಡ, ಇವು ನೆಗೆಯುತ್ತವೆ. ಗಂಟಲು ಚಿಕ್ಕದು, ಸಣ್ಣ ಕಾಳಿನ ಆಹಾರವೇ ಹಾಕು.

ಮೊಟ್ಟೆಗೆ ದುಬಾರಿ ಸಾಮಾನೇನೂ ಬೇಡ. ಅಕ್ರಿಲಿಕ್ ಉಲ್ಲನ್ ದಾರವನ್ನು ಬಿಸಿನೀರಿನಲ್ಲಿ ತೊಳೆದು, ಬಣ್ಣ ಬಿಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಕುಚ್ಚು ಕಟ್ಟಿ, ಕಾರ್ಕಿನಿಂದ ಇಳಿಬಿಡು. ಹೆಣ್ಣು ಒಂದೇ ದಿನ ಎಲ್ಲ ಇಡುವುದಿಲ್ಲ. ದಿನಕ್ಕಿಷ್ಟು ಎಂದು ಇಡುತ್ತಾ ಹೋಗುತ್ತದೆ. ಸಂಜೆ ಕುಚ್ಚು ಬಿಡಿಸಿ ನೋಡಿದರೆ ಎಳೆಗಳ ನಡುವೆ ಗಾಜಿನ ಮಣಿಯಂಥ ಮೊಟ್ಟೆಗಳು, ಒಂದೊಂದೂ ಸೂಕ್ಷ್ಮ ತಂತುವಿನಿಂದ ಅಂಟಿಕೊಂಡಿರುತ್ತವೆ. ಬೆರಳಲ್ಲಿ ಮೆಲ್ಲಗೆ ಹಿಡಿದರೂ ಒಡೆಯುವುದಿಲ್ಲ. ದೊಡ್ಡ ಮೀನುಗಳಿಗೆ ಮರಿಯ ಮೇಲೆ ಮಮತೆಯಿಲ್ಲ, ಸಿಕ್ಕರೆ ತಿಂದುಬಿಡುತ್ತವೆ. ಮೊಟ್ಟೆಗಳನ್ನು ಅದೇ ನೀರಿನ ಬೇರೆ ಪಾತ್ರೆಗೆ ಹಾಕು. ಬೆಳ್ಳಗಾದವನ್ನು ಆಗಾಗ ತೆಗೆದುಬಿಡು. ಮಿಕ್ಕವು ವಾರ ಹತ್ತು ದಿನಕ್ಕೆ ಒಡೆಯುತ್ತವೆ, ಅದಕ್ಕೂ ಮೊದಲೇ ಒಳಗಿನ ಕಣ್ಣುಗಳು ಕಾಣುತ್ತವೆ.

ಇಲ್ಲಿಂದಾಚೆಗೇ ಕಷ್ಟ. ಮರಿಯೆಂದರೆ ಕೂದಲಿನ ತುಣುಕು, ನೀರಿನ ಮೇಲ್ಪದರದಲ್ಲೇ ತೇಲುತ್ತಿರುತ್ತದೆ. ಬಾಯಿ ಎಷ್ಟು ಕಿರಿದೆಂದರೆ ಆರ್ಟೀಮಿಯಾ ಎಂಬ ಪುಟಾಣಿ ಸಿಗಡಿಯ ಮರಿಯೂ ಮೊದಲಿಗೆ ಹಿಡಿಸದು. ಮೊಟ್ಟೆ ಸಿಕ್ಕ ದಿನವೇ ಒಂದು ಜಾಡಿ ಹಳೆಯ ಟ್ಯಾಂಕ್ ನೀರಿಗೆ ಬಾಳೆಹಣ್ಣಿನ ಸಿಪ್ಪೆಯ ತುಂಡು ಹಾಕಿ ಇನ್‌ಫ್ಯೂಸೋರಿಯಾ ಎಂಬ ಸೂಕ್ಷ್ಮಜೀವಿಗಳನ್ನು ಬೆಳೆಸಲು ಇಟ್ಟುಬಿಡು. ಮರಿ ಬಂದ ಮೇಲೆ ಆಹಾರ ಹುಡುಕಹೊರಟರೆ ಹಸಿದು ಸಾಯುತ್ತವೆ. ದಿನಕ್ಕೆ ಮೂರ್ನಾಲ್ಕು ಬಾರಿ ಸ್ವಲ್ಪಸ್ವಲ್ಪ ಹಾಕು. ಬಾಯಿ ಹಿಡಿಸುವಷ್ಟು ಬೆಳೆದ ಮೇಲೆ ಆಗತಾನೇ ಒಡೆದ ಆರ್ಟೀಮಿಯಾ ಕೊಡು.

ಮರಿ ಹೆಚ್ಚಾಯಿತೆಂದು ಕೆರೆಗೋ ಕಾಲುವೆಗೋ ಬಿಟ್ಟೀಯ, ಖಂಡಿತ ಬೇಡ. ಸಾಕುವ ಗೆಳೆಯರಿಗೆ ಕೊಡು. ಕೊಡುವ ಚೀಲದ ಮೇಲೆ ಮೀನಿನ ಪೂರ್ತಿ ಹೆಸರು ಬರೆದು ಕೊಡು.